ಒಡಲ ಕಾವಲನ್ನು ಕಡಲಲ್ಲಿ ಕಂಡ ಮೆಚ್ನಿಕಾಫರು

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು ಜಗತ್ತಿನ ವೈದ್ಯಗ್ರಂಥಗಳಲ್ಲೆಲ್ಲ ಸೇರಿಹೋಗಿದೆ. ಇದು ನಾವು ಹೆಮ್ಮೆಪಡುವ ಸಂಗತಿಯೇನೂ ಅಲ್ಲ. 1957ರಲ್ಲಿ ಆ ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬಿದ್ದುವು. ಸೌದೆಗೆಂದೂ ಸೊಪ್ಪಿಗೆಂದೂ ದನ ಮೇಯಿಸುವುದಕ್ಕೆಂದೂ ಕಾಡು ಹೊಕ್ಕ ಬಡಜನರು ಜ್ವರದಿಂದ ಹಾಸಿಗೆ ಹಿಡಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಬಂದು, ಉಣುಗುಗಳ ಮೂಲಕ ಹರಡುವ ವೈರಸ್ಸೊಂದು ಇದಕ್ಕೆ ಕಾರಣವೆಂದು ಕಂಡುಹಿಡಿದರು. ನಮ್ಮ ಜನ ಅದನ್ನು ಮಂಗನ ಕಾಯಿಲೆಯೆಂದು ಕರೆದರು. ಈ ರೋಗಕ್ಕೆ ಸಿಕ್ಕಿದವರಲ್ಲಿ ಕೆಲವರು ಮೃತ್ಯುವಶರಾದರು. ಬಹುಮಂದಿ ವಾರಗಟ್ಟಲೆ ನರಳಿ ಎದ್ದರು. ವೈರಸ್ಸು ಮೈಯನ್ನು ಹೊಕ್ಕರೂ ಜ್ವರದ ಸುಳಿವೇ ಇಲ್ಲದೆ ಪಾರಾದವರೂ ಉಂಟು. ಕಾಡು ಒಂದೇ, ಉಣುಗು ಒಂದೇ, ಫಲ ಮಾತ್ರ ಬೇರೆ ಬೇರೆ. ಈ ಭೇದಕ್ಕೆ ಕಾರಣವನ್ನು ಹಣೆಬರಹದಲ್ಲಿ ಹುಡುಕಿ ಸುಮ್ಮನಾಗುವುದು ಲೋಕದ ರೂಢಿ. ಹಾಗೆ ಸುಮ್ಮನಾಗದೆ, ರೋಗವನ್ನು ಎದುರಿಸುವ ಕಾವಲುಪಡೆಯೊಂದು ಪ್ರಾಣಿಯ ದೇಹದೊಳಗೇ ಸಂಚರಿಸುತ್ತಿರುವುದನ್ನು ಕಣ್ಣಾರೆ ಕಂಡು ಲೋಕಕ್ಕೆ ತೋರಿಸಿಕೊಟ್ಟ ಮಹನೀಯರು ಇಲ್ಯಾ ಮೆಚ್ನಿಕಾಫರು. ಅವರು ಅದನ್ನು ಕಂಡದ್ದು ಆಸ್ಪತ್ರೆಯಲ್ಲಲ್ಲ, ಮನುಷ್ಯನ ರಕ್ತದಲ್ಲಿಯೂ ಅಲ್ಲ. ಸಮುದ್ರದ ನೀರಿನಲ್ಲಿ ತೇಲುವ, ಗಾಜಿನಂತೆ ಪಾರದರ್ಶಕವಾದ ಒಂದು ಕ್ಷುದ್ರಜೀವಿಯಲ್ಲಿ.

ಮೆಚ್ನಿಕಾಫರು ಜನಿಸಿದ್ದು 1845ರ ಮೇ ತಿಂಗಳಿನಲ್ಲಿ, ಇಂದಿನ ಉಕ್ರೇನ್ ದೇಶದ ಖಾರ್ಕಿವ್ ನಗರದ ಸೀಮೆಯ ಒಂದು ಹಳ್ಳಿಯಲ್ಲಿ. ಆಗ ಆ ಪ್ರಾಂತ ರಷ್ಯದ ಚಕ್ರವರ್ತಿಗಳ ಆಳ್ವಿಕೆಗೆ ಒಳಪಟ್ಟಿತ್ತು. ತಂದೆ ಸೈನ್ಯದ ಅಧಿಕಾರಿ. ತಾಯಿ ಯೆಹೂದಿ ಮೂಲದ ವಿದ್ಯಾವಂತ ಮನೆತನದಾಕೆ. ಐವರು ಮಕ್ಕಳಲ್ಲಿ ಇಲ್ಯಾ ಕಡೆಯವರು. ಅಣ್ಣಂದಿರಲ್ಲಿ ಲೆವ್ ಎಂಬವರು ಭೂಗೋಳಶಾಸ್ತ್ರಜ್ಞರಾದರು. ನ್ಯಾಯಾಲಯದ ಅಧಿಕಾರಿಯಾಗಿದ್ದ ಇವಾನ್ ಎಂಬ ಇನ್ನೊಬ್ಬ ಅಣ್ಣನವರ ಮರಣವೇ ಟಾಲ್‌ಸ್ಟಾಯ್ ಮಹಾಶಯರ ಪ್ರಸಿದ್ಧ ಕಥೆಯೊಂದಕ್ಕೆ ಪ್ರೇರಣೆಯಾಯಿತು. ಬಾಲಕ ಇಲ್ಯಾ ಗಿಡಮರಗಳನ್ನು ಕುರಿತು ಮನೆಯವರಿಗೂ ಓರಗೆಯ ಹುಡುಗರಿಗೂ ಪಾಠ ಹೇಳುತ್ತಿದ್ದನಂತೆ. ಕೇಳಲು ಕುಳಿತವರಿಗೆ ತನ್ನ ಕೈಖರ್ಚಿನ ಕಾಸನ್ನು ಕೊಡುತ್ತಿದ್ದನಂತೆ. ಇಂಥ ಉಪಾಧ್ಯಾಯರು ದೊರೆತರೆ ಯಾವ ವಿದ್ಯಾರ್ಥಿ ತಾನೆ ಶಾಲೆ ತಪ್ಪಿಸಿಯಾನು! ಖಾರ್ಕಿವ್ ವಿಶ್ವವಿದ್ಯಾನಿಲಯದಲ್ಲಿ ನಾಲ್ಕು ವರ್ಷಗಳ ವ್ಯಾಸಂಗವನ್ನು ಎರಡೇ ವರ್ಷಗಳಲ್ಲಿ ಮುಗಿಸಿ, 1864ರಲ್ಲಿ, ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲಿ, ಅವರು ಉತ್ತರ ಸಮುದ್ರದ ಹೆಲಿಗೊಲೆಂಡ್ ದ್ವೀಪಕ್ಕೆ ಕಡಲ ಜೀವಿಗಳನ್ನು ಅರಸುತ್ತ ಹೊರಟರು.

ನಮ್ಮ ಶಿಕಾರಿಪುರ, ಸೊರಬಗಳ ಸೀಮೆಗೆ ಸಮುದ್ರವೆಂಬುದು ಘಟ್ಟದಾಚೆಯ ಮಾತು. ನಮ್ಮ ಕುಮುದ್ವತಿ, ದಂಡಾವತಿಗಳಂತೂ ಹತ್ತಿರದ ಪಡುಗಡಲಿಗೆ ಬೆನ್ನು ತಿರುಗಿಸಿ ಮೂಡಲ ನೀರನ್ನೇ ಸೇರುವಂಥವು. ಆದುದರಿಂದ ಪ್ರಾಣಿಶಾಸ್ತ್ರಜ್ಞನಿಗೆ ಕಡಲಿನ ಹಂಬಲವೇಕೆಂದು ವಾಚಕರಿಗೆ ಸಂದೇಹ ಬರಬಹುದು. ಕಾರಣ ಸರಳವಾದುದು. ಕಡಲಿನ ಎಷ್ಟೋ ಕೀಳುಜೀವಿಗಳ ಡಿಂಭಗಳು ಪಾರದರ್ಶಕವಾಗಿರುತ್ತವೆ. ಕೊಯ್ಯದೆ, ಕೊಲ್ಲದೆ, ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು, ಬದುಕಿರುವಾಗಲೇ ಅವುಗಳ ಒಡಲಿನ ವ್ಯಾಪಾರವನ್ನೆಲ್ಲ ನೋಡಬಹುದು. 1865ರಲ್ಲಿ ನೇಪಲ್ಸ್ ನಗರದಲ್ಲಿ ಕೊವಲೆವ್‌ಸ್ಕಿ ಎಂಬ ಮತ್ತೊಬ್ಬ ತರುಣ ವಿದ್ವಾಂಸರ ಸ್ನೇಹವಾಯಿತು. ಇಬ್ಬರೂ ಸೇರಿ ಕಡಲ ಪ್ರಾಣಿಗಳ ಭ್ರೂಣದ ಬೆಳವಣಿಗೆಯನ್ನು ಅಭ್ಯಸಿಸಿ, 1867ರಲ್ಲಿ ಫಾನ್ ಬೇರ್ ಹೆಸರಿನ ಬಹುಮಾನವನ್ನು ಹಂಚಿಕೊಂಡರು. ಆದರೆ ನಮ್ಮ ಕಥೆಗೆ ಮುಖ್ಯವಾದುದು ಇದಕ್ಕಿಂತ ಸಣ್ಣದಾಗಿ ತೋರುವ ಇನ್ನೊಂದು ಸಂಗತಿ. ಅದೇ 1865ರಲ್ಲಿ, ಜರ್ಮನಿಯಲ್ಲಿದ್ದಾಗ, ಚಪ್ಪಟೆ ಹುಳುವೊಂದರ ಜೀವಕೋಶಗಳು ಆಹಾರದ ಕಣಗಳನ್ನು ನೇರವಾಗಿ ತಮ್ಮೊಳಗೇ ನುಂಗಿ ಅರಗಿಸಿಕೊಳ್ಳುವುದನ್ನು ಮೆಚ್ನಿಕಾಫರು ಗಮನಿಸಿದ್ದರು. ಆ ಬೀಜ ಹದಿನೇಳು ವರ್ಷ ಅವರ ಮನಸ್ಸಿನಲ್ಲಿ ಮಲಗಿತ್ತು.

ಆ ಹದಿನೇಳು ವರ್ಷಗಳು ಸುಖದವಲ್ಲ. ಒಡೆಸ್ಸಾದ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿ, 1870ರಲ್ಲಿ ಪ್ರಾಧ್ಯಾಪಕರಾದರೇನೋ ನಿಜ. ಆದರೆ 1869ರಲ್ಲಿ ಅವರು ವರಿಸಿದ ಲ್ಯುಡ್ಮಿಲಾ ಕ್ಷಯರೋಗಪೀಡಿತೆ. ವಿವಾಹದ ದಿನ ನಡೆಯಲು ಶಕ್ತಿಯಿಲ್ಲದ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ದೇವಾಲಯಕ್ಕೆ ಹೊತ್ತು ತಂದರು. ಬೆಚ್ಚನೆಯ ಹವೆಯನ್ನರಸಿ ಊರಿಂದೂರಿಗೆ ಅಲೆದದ್ದೆಲ್ಲ ವ್ಯರ್ಥವಾಗಿ, 1873ರಲ್ಲಿ ಮಡೀರಾ ದ್ವೀಪದಲ್ಲಿ ಆಕೆ ತೀರಿಕೊಂಡರು. ಕಣ್ಣಿನ ಬೇನೆಯಿಂದ ಸೂಕ್ಷ್ಮದರ್ಶಕವನ್ನೂ ಬಿಡಬೇಕಾಗಿ ಬಂದಿದ್ದ ಮೆಚ್ನಿಕಾಫರು ಬಾಳಿನಲ್ಲಿ ಬೇಸತ್ತು ವಿಷಪ್ರಾಶನ ಮಾಡಿದರು. ದೈವಯೋಗದಿಂದ ಅದು ಮೈಗೆ ಹತ್ತಲಿಲ್ಲ. ಬಳಿಕ ಜಿನೀವಾದಲ್ಲಿ ರೋನ್ ನದಿಯ ಸೇತುವೆಯ ಮೇಲೆ, ದೀಪದ ಸುತ್ತ ಮುತ್ತಿದ ಕ್ಷಣಜೀವಿಗಳಾದ ಹುಳುಗಳನ್ನು ಕಂಡು, ಅವುಗಳ ಅಲ್ಪಾಯುಸ್ಸಿನಲ್ಲಿ ಜೀವವಿಕಾಸದ ನಿಯಮ ಹೇಗೆ ನಡೆಯುವುದೆಂಬ ಯೋಚನೆಯಲ್ಲಿ ಮುಳುಗಿ, ಸಾಯುವ ಸಂಕಲ್ಪವನ್ನೇ ಮರೆತರೆಂದು ಅವರ ಎರಡನೆಯ ಪತ್ನಿ ಓಲ್ಗಾ ಬರೆದ ಜೀವನಚರಿತ್ರೆಯಿಂದ ತಿಳಿದುಬರುತ್ತದೆ. ಓಲ್ಗಾರೊಡನೆ ವಿವಾಹವಾದದ್ದು 1875ರಲ್ಲಿ. 1880ರಲ್ಲಿ ಆಕೆಗೂ ವಿಷಮಶೀತಜ್ವರ ಬಂತು. ಪತ್ನಿ ಚೇತರಿಸಿಕೊಂಡರೂ ಪತಿಯ ಮನಸ್ಸು ಕುಸಿಯಿತು. ಮರುಕಳಿಸುವ ಜ್ವರದ ರೋಗಿಯೊಬ್ಬನ ರಕ್ತವನ್ನು 1881ರಲ್ಲಿ ಅವರು ತಮ್ಮ ಮೈಗೆ ಚುಚ್ಚಿಕೊಂಡರು. ರಕ್ತದಿಂದ ಆ ಜ್ವರ ಅಂಟುವುದೇ ಎಂಬ ಪರೀಕ್ಷೆಯೂ ಅದಾಗಿತ್ತು, ಪ್ರಾಣದ ಹಂಗು ತೊರೆದದ್ದೂ ಆಗಿತ್ತು. ಜ್ವರ ಬಂತು, ಸಾವು ಬರಲಿಲ್ಲ. ದೇಹ ತನ್ನನ್ನು ತಾನು ಕಾಪಾಡಿಕೊಳ್ಳುವ ಬಗೆಯನ್ನು ಮುಂದೆ ಲೋಕಕ್ಕೆ ತಿಳಿಸಬೇಕಾಗಿದ್ದವರು ಎರಡು ಸಲ ಆ ದೇಹವನ್ನೇ ತೊರೆಯಹೊರಟಿದ್ದರು. ಎರಡು ಸಲವೂ ದೇಹವೇ ಗೆದ್ದಿತು.

1881ರಲ್ಲಿ ರಷ್ಯದ ಚಕ್ರವರ್ತಿಯ ಕೊಲೆಯಾಯಿತು. ವಿಶ್ವವಿದ್ಯಾನಿಲಯಗಳಲ್ಲಿ ಪಾಠಕ್ಕಿಂತ ಗುಮಾನಿಯೇ ಹೆಚ್ಚಾಯಿತು. ಮೆಚ್ನಿಕಾಫರು 1882ರಲ್ಲಿ ಹುದ್ದೆಗೆ ರಾಜೀನಾಮೆಯಿತ್ತು, ಪತ್ನಿಯನ್ನೂ ಆಕೆಯ ಕಿರಿಯ ಒಡಹುಟ್ಟಿದವರನ್ನೂ ಕರೆದುಕೊಂಡು ಸಿಸಿಲಿ ದ್ವೀಪದ ಮೆಸ್ಸೀನಾ ನಗರಕ್ಕೆ ಬಂದು ಬಿಡಾರ ಹೂಡಿದರು. ಎದುರಿಗೆ ಕಡಲು, ಮನೆಯ ಕೋಣೆಯೇ ಪ್ರಯೋಗಶಾಲೆ. ಆ ಡಿಸೆಂಬರಿನ ಒಂದು ದಿನ ಮನೆಯವರೆಲ್ಲ ಸರ್ಕಸ್ಸಿನ ವಾನರಗಳ ಆಟವನ್ನು ನೋಡಲು ಹೋಗಿದ್ದರು. ಮೆಚ್ನಿಕಾಫರೊಬ್ಬರೇ ಉಳಿದು, ನಕ್ಷತ್ರಮೀನಿನ ಡಿಂಭವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ನಕ್ಷತ್ರಮೀನು ಹೆಸರಿಗಷ್ಟೇ ಮೀನು. ಅದಕ್ಕೆ ಬೆನ್ನೆಲುಬೂ ಇಲ್ಲ, ರೆಕ್ಕೆಯೂ ಇಲ್ಲ. ಆ ಡಿಂಭದ ಒಡಲಿನಲ್ಲಿ ಅತ್ತಿಂದಿತ್ತ ಅಲೆದಾಡುವ ಕೋಶಗಳನ್ನು ಕಾಣುತ್ತಿದ್ದಂತೆ ಒಂದು ಆಲೋಚನೆ ಹೊಳೆಯಿತು. ಈ ಅಲೆಮಾರಿ ಕೋಶಗಳ ಕೆಲಸ ಅನ್ನವನ್ನು ನುಂಗುವುದಷ್ಟೇ ಆಗಿರದೆ, ಹೊರಗಿನಿಂದ ನುಗ್ಗಿದ ಶತ್ರುವನ್ನು ನುಂಗುವುದೂ ಆಗಿದ್ದರೆ? ಹಾಗಿದ್ದ ಪಕ್ಷದಲ್ಲಿ, ನಮ್ಮ ಬೆರಳಿಗೆ ಮುಳ್ಳು ಚುಚ್ಚಿದಾಗ ಸುತ್ತಲೂ ಕೀವು ಕಟ್ಟುವಂತೆ, ಈ ಜೀವಿಗೆ ಮುಳ್ಳು ಚುಚ್ಚಿದರೂ ಆ ಕೋಶಗಳು ಬಂದು ಮುತ್ತಬೇಕು. ಅವರು ಕೋಣೆಯಲ್ಲಿ ಉದ್ವೇಗದಿಂದ ಅತ್ತಿತ್ತ ನಡೆದಾಡಿದರು. ಅಂಗಳದ ಗುಲಾಬಿ ಗಿಡದ ಮುಳ್ಳುಗಳನ್ನು ತಂದು ಆ ಪಾರದರ್ಶಕ ಡಿಂಭಗಳ ಚರ್ಮದಡಿಯಲ್ಲಿ ಸೇರಿಸಿದರು. ರಾತ್ರಿ ನಿದ್ರೆ ಹತ್ತಲಿಲ್ಲ. ಬೆಳಗಾಗುತ್ತಲೇ ನೋಡಿದಾಗ ಮುಳ್ಳಿನ ಸುತ್ತ ಕೋಶಗಳು ಕಿಕ್ಕಿರಿದು ನಿಂತಿದ್ದುವು. ಆ ಜೀವಿಗೆ ರಕ್ತನಾಳವೂ ಇಲ್ಲ, ನರಮಂಡಲವೆಂದು ಹೇಳುವಂಥದ್ದೂ ಇಲ್ಲ. ಆದುದರಿಂದ ಈ ಮುತ್ತಿಗೆ ಆ ಕೋಶಗಳ ಸ್ವಂತ ಕ್ರಿಯೆಯೇ ಎಂಬುದು ಖಚಿತವಾಯಿತು. ಅಲ್ಲಿಯವರೆಗೆ ಪ್ರಾಣಿಶಾಸ್ತ್ರಜ್ಞರಾಗಿದ್ದವರು ಅಂದಿನಿಂದ ರೋಗಶಾಸ್ತ್ರಜ್ಞರಾದರು.

ವಿಯನ್ನಾದ ಪ್ರಾಧ್ಯಾಪಕ ಕ್ಲಾಸ್ ಅವರ ಸಲಹೆಯಂತೆ ಈ ಕೋಶಗಳಿಗೆ ಫ್ಯಾಗೋಸೈಟ್ ಎಂದು ಗ್ರೀಕ್ ಧಾತುಗಳಿಂದ ನಾಮಕರಣವಾಯಿತು. ತಿನ್ನುವ ಕೋಶವೆಂದು ಅದರ ಅರ್ಥ. ಭಕ್ಷಕಕೋಶವೆಂದರೆ ನಮಗೆ ಸಾಕು. ಹೆಸರು ಬಂದಷ್ಟು ಸುಲಭವಾಗಿ ಮನ್ನಣೆ ಬರಲಿಲ್ಲ. ರಕ್ತದ ಬಿಳಿಯ ಕೋಶಗಳೊಳಗೆ ರೋಗಾಣುಗಳಿರುವುದನ್ನು ಇತರ ವೈದ್ಯರೂ ಕಂಡಿದ್ದರು. ಆದರೆ ಆ ಕೋಶಗಳು ರೋಗಾಣುಗಳನ್ನು ದೇಹದಲ್ಲೆಲ್ಲ ಹೊತ್ತು ಹರಡುತ್ತವೆಂದೇ ಆಗಿನ ಪಾಠ. ಕಾವಲುಗಾರನನ್ನು ಕಳ್ಳನೆಂದು ಹಿಡಿದಂತಾಗಿತ್ತು. ಮೆಸ್ಸೀನಾಕ್ಕೆ ಬಂದಿದ್ದ ಮಹಾಪಂಡಿತ ಫಿರ್ಖೋ ಅವರು ಮೆಚ್ನಿಕಾಫರ ಪ್ರಯೋಗಗಳನ್ನು ಮೆಚ್ಚಿದರಾದರೂ, ವೈದ್ಯಲೋಕ ಇದಕ್ಕೆ ವಿರುದ್ಧವಾದುದನ್ನೇ ಬೋಧಿಸುತ್ತಿದೆಯೆಂದು ಎಚ್ಚರಿಸಿದರು. 1884ರಲ್ಲಿ ಮೆಚ್ನಿಕಾಫರು ಇನ್ನೊಂದು ನಿದರ್ಶನವನ್ನೊದಗಿಸಿದರು. ಕೊಳದ ನೀರಿನ ಡಾಫ್ನಿಯಾ ಎಂಬ ಚಿಕ್ಕ ಜೀವಿಯ ಒಡಲಿಗೆ ಸೂಜಿಯಂಥ ಬೀಜಾಣುಗಳುಳ್ಳ ಶಿಲೀಂಧ್ರವೊಂದು ನುಗ್ಗುತ್ತದೆ. ಭಕ್ಷಕಕೋಶಗಳು ಮೇಲುಗೈಯಾದರೆ ಡಾಫ್ನಿಯಾ ಬದುಕುತ್ತದೆ. ಶಿಲೀಂಧ್ರ ಮೇಲುಗೈಯಾದರೆ ಸಾಯುತ್ತದೆ. ರೋಗವೆಂಬುದು ಇಬ್ಬರ ನಡುವಣ ಯುದ್ಧವೆಂಬುದನ್ನು ಇದಕ್ಕಿಂತ ಸ್ಫುಟವಾಗಿ ತೋರಿಸುವುದು ಹೇಗೆ?

ಒಡೆಸ್ಸಾದಲ್ಲಿ 1886ರಲ್ಲಿ ಸ್ಥಾಪಿತವಾದ ಬ್ಯಾಕ್ಟೀರಿಯ ಸಂಶೋಧನಾಲಯಕ್ಕೆ ಅವರು ನಿರ್ದೇಶಕರಾದರು. ಅಲ್ಲಿ ಅವರಿಗೆ ನೆಮ್ಮದಿಯಿರಲಿಲ್ಲ. ವೈದ್ಯಪದವಿಯಿಲ್ಲದವರೆಂದು ವೈದ್ಯರು ಮೂದಲಿಸಿದರು. ಅಂಥ್ರಾಕ್ಸ್ ರೋಗಕ್ಕೆ ಲಸಿಕೆ ಹಾಕಿದ ಕುರಿಗಳು ಸಾವಿರಗಟ್ಟಲೆ ಸತ್ತದ್ದಂತೂ ನಿಂದೆಗೆ ತುಪ್ಪವೆರೆದಂತಾಯಿತು. 1888ರಲ್ಲಿ ಅವರು ಪ್ಯಾರಿಸ್ಸಿಗೆ ಹೋದರು. ಲೂಯಿ ಪಾಸ್ಚರ್ ಅವರು ಆದರದಿಂದ ಬರಮಾಡಿಕೊಂಡು, ಹೊಸದಾಗಿ ಕಟ್ಟಿಸುತ್ತಿದ್ದ ತಮ್ಮ ಸಂಸ್ಥೆಯಲ್ಲಿ ಪ್ರಯೋಗಶಾಲೆಯೊಂದನ್ನು ಒಪ್ಪಿಸಿದರು. ಮುಂದಿನ ಇಪ್ಪತ್ತೆಂಟು ವರ್ಷ ಅದೇ ಅವರ ಮನೆಯಾಯಿತು. ಒಡೆಸ್ಸಾದಲ್ಲಿ ಅವರ ಶಿಷ್ಯರಾಗಿದ್ದ ವಾಲ್ಡೆಮಾರ್ ಹಾಫ್‌ಕಿನ್ ಎಂಬವರು ಅವರ ಹಿಂದೆಯೇ ಪ್ಯಾರಿಸ್ಸಿಗೆ ಬಂದು ಆ ಸಂಸ್ಥೆಯನ್ನು ಸೇರಿದರು. ಕಾಲರಾ ಲಸಿಕೆಯನ್ನು ಸಿದ್ಧಪಡಿಸಿ 1893ರಲ್ಲಿ ಭಾರತಕ್ಕೆ ಬಂದವರು ಇವರೇ; ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಕಂಡುಹಿಡಿದು 1897ರ ಜನವರಿಯಲ್ಲಿ ಮೊದಲು ತಮಗೇ ಚುಚ್ಚಿಕೊಂಡವರೂ ಇವರೇ. 1898ರಲ್ಲಿ ಪ್ಲೇಗುಮಾರಿ ಹುಬ್ಬಳ್ಳಿಯನ್ನೂ ಬೆಂಗಳೂರನ್ನೂ ಹೊಕ್ಕಾಗ, ಜನ ಮನೆಮಠಗಳನ್ನು ತೊರೆದು ಹೊಲಗಳಲ್ಲಿ ಜೋಪಡಿ ಕಟ್ಟಿಕೊಂಡು ಬಾಳಿದಾಗ, ಹುಬ್ಬಳ್ಳಿಯಲ್ಲಿ ಸಾವಿರಾರು ಜನರ ತೋಳನ್ನು ಮುಟ್ಟಿದ್ದು ಆ ಲಸಿಕೆಯೇ. ಮೆಸ್ಸೀನಾದ ಮುಳ್ಳಿಗೂ ನಮ್ಮ ನಾಡಿಗೂ ನಡುವೆ ಹೀಗೊಂದು ಗುರುಶಿಷ್ಯಪರಂಪರೆಯ ನಂಟಿದೆ.

ಪ್ಯಾರಿಸ್ಸಿನಲ್ಲಿ ಅವರ ಜೀವನದ ಬಹುಭಾಗ ವಾದದಲ್ಲಿ ಕಳೆಯಿತು. ಜರ್ಮನಿಯ ಪಂಡಿತರು, ದೇಹವನ್ನು ಕಾಯುವುದು ಕೋಶಗಳಲ್ಲ, ರಕ್ತರಸದಲ್ಲಿ ಕರಗಿರುವ ದ್ರವ್ಯಗಳು ಎಂದರು. ಅವರ ಪಕ್ಷವೂ ಬಲಹೀನವಾದುದಲ್ಲ. 1890ರಲ್ಲಿ ಬೇರಿಂಗ್ ಮತ್ತು ಕಿತಸಾತೊ ಅವರು, ಧನುರ್ವಾಯುವಿನ ವಿಷವನ್ನು ನಿರ್ವಿಷಗೊಳಿಸುವ ಗುಣ ರಕ್ತರಸದಲ್ಲಿದೆಯೆಂದು ತೋರಿಸಿದ್ದರು. 1894ರಲ್ಲಿ ಫೈಫರ್ ಅವರು, ಕೋಶಗಳ ನೆರವಿಲ್ಲದೆಯೇ ಕಾಲರಾ ರೋಗಾಣುಗಳು ದೇಹದ್ರವದಲ್ಲಿ ಒಡೆದುಹೋಗುವುದನ್ನು ಪ್ರಕಟಿಸಿದರು. ಮೆಚ್ನಿಕಾಫರು ಕಂಗೆಟ್ಟರು, ಆದರೆ ಕಣ ಬಿಟ್ಟು ಹೋಗಲಿಲ್ಲ, ಪ್ರಯೋಗಕ್ಕೆ ಪ್ರತಿಪ್ರಯೋಗವನ್ನೊಡ್ಡಿದರು. ಇನ್ನೊಂದು ವಿಶೇಷವೆಂದರೆ, ರಕ್ತರಸದ ಪಕ್ಷಕ್ಕೆ ಪುಷ್ಟಿ ಕೊಡುವ ಬಹು ದೊಡ್ಡ ಶೋಧನೆಯೊಂದನ್ನು ಮಾಡಿದ ಬೊರ್ಡೆ ಅವರು ಮೆಚ್ನಿಕಾಫರ ಪ್ರಯೋಗಶಾಲೆಯಲ್ಲಿಯೇ ಕುಳಿತು ಅದನ್ನು ಮಾಡಿದರು. ಶಿಷ್ಯನ ಕೈಯಿಂದ ತನ್ನ ಪಕ್ಷಕ್ಕೆ ಪ್ರತಿಕೂಲವಾದ ಸತ್ಯ ಹೊರಬಂದಾಗ ಅದಕ್ಕೆ ಅಡ್ಡಿ ಮಾಡದಿರುವುದು ವಾದದಲ್ಲಿ ಗೆಲ್ಲುವುದಕ್ಕಿಂತ ಕಷ್ಟವಾದ ಕೆಲಸವೆಂದು ನನ್ನ ಅಭಿಪ್ರಾಯ. 1903ರಲ್ಲಿ ಲಂಡನ್ನಿನ ಆಮ್‌ರಾತ್ ರೈಟ್ ಅವರು, ರಕ್ತರಸದ ದ್ರವ್ಯಗಳು ರೋಗಾಣುಗಳ ಮೈಗೆ ಹತ್ತಿಕೊಂಡು ಅವನ್ನು ಭಕ್ಷಕಕೋಶಗಳಿಗೆ ರುಚಿಗೊಳಿಸುತ್ತವೆಂದು ಸಾರಿ, ಗ್ರೀಕರು ಊಟಕ್ಕೆ ನಂಚಿಕೊಳ್ಳುವ ವ್ಯಂಜನದ ಹೆಸರಿನಿಂದ ಆ ದ್ರವ್ಯಗಳಿಗೆ ಆಪ್ಸೊನಿನ್ ಎಂದು ಹೆಸರಿಟ್ಟರು. ಒಗ್ಗರಣೆಯಿಲ್ಲದ ಅಡುಗೆ ಗಂಟಲಲ್ಲಿ ಇಳಿಯದೆಂಬುದನ್ನು ನಮ್ಮ ಮನೆಗಳಲ್ಲಿ ಹೊಸದಾಗಿ ಹೇಳಬೇಕಾಗಿಲ್ಲ. ಎರಡು ಪಕ್ಷಗಳೂ ಒಂದೇ ಸತ್ಯದ ಎರಡು ಮುಖಗಳಾದುವು. 1908ರ ನೊಬೆಲ್ ಪಾರಿತೋಷಕವನ್ನು ಮೆಚ್ನಿಕಾಫರಿಗೂ ರಕ್ತರಸದ ಪಕ್ಷದ ಪಾಲ್ ಅರ್ಲಿಖ್ ಅವರಿಗೂ ಸಮನಾಗಿ ಹಂಚಿದರು.

ಒಂದು ಪ್ರಶ್ನೆ ಮಾತ್ರ ಅವರ ಕಾಲದಲ್ಲಿ ಬಿಡಿಸಲಾಗದೆ ಉಳಿಯಿತು. ನುಂಗಿದ ರೋಗಾಣುವನ್ನು ಭಕ್ಷಕಕೋಶ ಕೊಲ್ಲುವುದು ಹೇಗೆ? ಜೀರ್ಣರಸಗಳಿಂದ ಎಂದು ಅವರು ಭಾವಿಸಿದ್ದರು. ಅದು ಅರ್ಧಸತ್ಯ. ರೋಗಾಣುವನ್ನು ನುಂಗಿದೊಡನೆ ಈ ಕೋಶ ಒಮ್ಮೆಲೇ ಬಹಳ ಆಮ್ಲಜನಕವನ್ನು ಸೆಳೆದುಕೊಂಡು, ಅದನ್ನು ಸೂಪರಾಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಎಂಬ ಉಗ್ರದ್ರವ್ಯಗಳನ್ನಾಗಿ ಮಾರ್ಪಡಿಸಿ ಶತ್ರುವಿನ ಮೇಲೆ ಸುರಿಯುತ್ತದೆಂಬುದು ಇಪ್ಪತ್ತನೆಯ ಶತಮಾನದಲ್ಲಿ ಹಂತಹಂತವಾಗಿ ತಿಳಿದುಬಂತು. ಆದರೆ ಬೆಂಕಿಗೆ ತನ್ನ ಮನೆ, ಪರರ ಮನೆ ಎಂಬ ಭೇದವಿಲ್ಲ. ಸಿಡಿದ ಕಿಡಿ ಕಾವಲುಗಾರನ ಮೈಯನ್ನೂ ಸುಡುತ್ತದೆ. ಅದನ್ನು ತಡೆಯುವುದಕ್ಕೆಂದೇ ಜೀವಕೋಶಗಳಲ್ಲಿ ಉತ್ಕರ್ಷಣನಿರೋಧಕ ಕಿಣ್ವಗಳಿವೆ. ಸೂಪರಾಕ್ಸೈಡನ್ನು ಪೆರಾಕ್ಸೈಡಾಗಿ ಬದಲಿಸುವ ಸೂಪರಾಕ್ಸೈಡ್ ಡಿಸ್ಮ್ಯೂಟೇಸ್ ಕಿಣ್ವದ ಗುಟ್ಟನ್ನು 1969ರಲ್ಲಿ ಅಮೆರಿಕದ ಮೆಕಾರ್ಡ್ ಮತ್ತು ಫ್ರಿಡೊವಿಚ್ ಅವರು ಬಯಲಿಗೆ ತಂದರು. ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕಗಳಾಗಿ ಬಿಡಿಸುವುದು ಕೆಟಲೇಸ್ ಎಂಬ ಕಿಣ್ವ. ಗಾಯವನ್ನು ಹೈಡ್ರೋಜನ್ ಪೆರಾಕ್ಸೈಡಿನಿಂದ ತೊಳೆದಾಗ ನೊರೆ ಉಕ್ಕುವುದನ್ನು ನಮ್ಮ ವಿದ್ಯಾರ್ಥಿಗಳು ಕಂಡಿರುತ್ತಾರೆ. ಅದು ಈ ಕಿಣ್ವದ ಕೆಲಸವೇ.

ಈ ವಿಚಾರ ಇಂದು ಎಲ್ಲಕ್ಕಿಂತ ತೀಕ್ಷ್ಣವಾಗಿ ಕಾಣುವುದು ಮೆಚ್ನಿಕಾಫರ ಹಳೆಯ ನಂಟಾದ ಕಡಲಿನಲ್ಲಿಯೇ, ಈ ಸಲ ನಿಜವಾದ ಮೀನುಗಳಲ್ಲಿ. ಮೀನಿಗೆ ರಕ್ತಕೋಶಗಳನ್ನು ಹಡೆಯುವ ಮೂಳೆಮಜ್ಜೆಯಿಲ್ಲ. ಮೂತ್ರಪಿಂಡದ ಮುಂದಲೆಯ ಭಾಗವೇ ಅದಕ್ಕೆ ಭಕ್ಷಕಕೋಶಗಳನ್ನು ಒದಗಿಸುವ ಕಾರ್ಖಾನೆ. ಮೈಮೇಲಿನ ಲೋಳೆ ಅದರ ಹೊರಗೋಟೆ. ಆ ಲೋಳೆಯಲ್ಲಿ ಏಕಾಣುಜೀವಿಗಳ ಗೋಡೆಯನ್ನು ಕರಗಿಸುವ ಲೈಸೊಜೈಮ್ ಇದೆ. ಮೀನು ತಣ್ಣೆತ್ತರಿನ ಪ್ರಾಣಿಯಾದುದರಿಂದ, ನೀರು ತಂಪಾದಾಗ ರಕ್ತರಸದ ಪ್ರತಿಕಾಯಗಳು ನಿಧಾನವಾಗಿ ಹುಟ್ಟುತ್ತವೆ. ಆದಕಾರಣ ಭಕ್ಷಕಕೋಶಗಳ ಮೇಲೆಯೇ ಅದರ ಭಾರ ಹೆಚ್ಚು. ನಮ್ಮ ಕರಾವಳಿಯ ಬಂಗುಡೆ, ಬೂತಾಯಿಗಳಂಥ ಮೀನುಗಳ ಮೈಯ ಎಣ್ಣೆ ಸುಲಭವಾಗಿ ಉತ್ಕರ್ಷಣಕ್ಕೊಳಗಾಗುವ ಜಾತಿಯದು. ಆದುದರಿಂದ ಅವುಗಳಿಗೆ ಆ ಕಿಣ್ವಗಳ ಅಗತ್ಯವೂ ಅಧಿಕ. ನೀರು ಬಿಸಿಯಾದಾಗ, ಕಾರ್ಖಾನೆಗಳ ಲೋಹದ ಕಲ್ಮಷ ಸೇರಿದಾಗ ಆ ಉಗ್ರದ್ರವ್ಯಗಳು ಮಿತಿಮೀರುತ್ತವೆ. ಮೊದಮೊದಲು ಕಿಣ್ವಗಳು ಹೆಚ್ಚಿ ತಡೆಯುತ್ತವೆ. ತಡೆಯಲಾಗದೆ ಕುಗ್ಗಿದಾಗ ಭಕ್ಷಕಕೋಶಗಳ ಪೊರೆಯೇ ಹಾಳಾಗಿ ಮೀನು ರೋಗಕ್ಕೆ ಪಕ್ಕಾಗುತ್ತದೆ. ಆದುದರಿಂದ ಮೀನಿನ ಪಿತ್ತಜನಕಾಂಗದಲ್ಲಿಯೂ ಕಿವಿರಿನಲ್ಲಿಯೂ ಈ ಕಿಣ್ವಗಳ ಪ್ರಮಾಣವನ್ನಳೆದು ಕಡಲಿನ ಆರೋಗ್ಯವನ್ನು ಊಹಿಸುವ ಪದ್ಧತಿ ಬಂದಿದೆ.

ಭಕ್ಷಕಕೋಶ, ಪ್ರತಿಕಾಯ ಎಂಬೆರಡನ್ನೂ ಬಲ್ಲ ಮಾತ್ರಕ್ಕೆ ರೋಗವನ್ನು ಗೆದ್ದಂತಾಗಲಿಲ್ಲವೆಂಬುದಕ್ಕೆ ನಮ್ಮ ಮಂಗನ ಕಾಯಿಲೆಯೇ ಸಾಕ್ಷಿ. ನಿರ್ಜೀವಗೊಳಿಸಿದ ವೈರಸ್ಸಿನ ಲಸಿಕೆಯೊಂದು ಮಲೆನಾಡಿನಲ್ಲಿ ದಶಕಗಳ ಕಾಲ ಬಳಕೆಯಲ್ಲಿದ್ದು, ಅದರ ರಕ್ಷಣೆ ಸಾಲದೆಂದು ಕಂಡುಬಂದುದರಿಂದ 2022ರಲ್ಲಿ ನಿಂತುಹೋಯಿತು.

ಮೆಚ್ನಿಕಾಫರ ಮುಪ್ಪಿನ ದಿನಗಳ ವಿಚಾರವನ್ನೂ ಹೇಳದೆ ಬಿಡುವಂತಿಲ್ಲ. ಅಕಾಲವೃದ್ಧಾಪ್ಯಕ್ಕೆ ದೊಡ್ಡ ಕರುಳಿನಲ್ಲಿ ಕೊಳೆತು ಹುಟ್ಟುವ ವಿಷಗಳೇ ಕಾರಣವೆಂದೂ, ಆ ವಿಷದಿಂದ ದುರ್ಬಲವಾದ ಅಂಗಾಂಗಗಳನ್ನು ಭಕ್ಷಕಕೋಶಗಳೇ ತಿಂದುಹಾಕುತ್ತವೆಂದೂ ಅವರು ನಂಬಿದರು. ತಾವೇ ಹೊಗಳಿದ ಕಾವಲುಗಾರ ಮುಪ್ಪಿನಲ್ಲಿ ಮನೆಯನ್ನು ಕೊಳ್ಳೆಹೊಡೆಯುವನೆಂದು ಅವರಿಗೆ ತೋರಿತು. ಬಲ್ಗೇರಿಯದ ಮೊಸರಿನಲ್ಲಿ ಗ್ರಿಗೊರೊವ್ ಎಂಬವರು 1905ರಲ್ಲಿ ಕಂಡ ಏಕಾಣುಜೀವಿ ಆ ಕೊಳೆಯುವಿಕೆಯನ್ನು ತಡೆಯುವುದೆಂದು ಅವರು ಪ್ರಚಾರ ಮಾಡಿದರು. ದಿನವೂ ಹುಳಿಹಾಲನ್ನು ಸೇವಿಸಿದರು. ಯುರೋಪಿನ ಶ್ರೀಮಂತರು ಮೊಸರಿಗಾಗಿ ಔಷಧದಂಗಡಿಗೆ ಓಡಿದರು. ಹೆಪ್ಪು ಹಾಕದೆ ಮಲಗದ ನಮ್ಮ ತಾಯಂದಿರಿಗೆ ಇದು ನಗೆ ತರಿಸಬಹುದು. ಕರುಳೇ ಬೇಡವೆಂದು ಅದನ್ನು ಕೊಯ್ದುಹಾಕಿದ ಶಸ್ತ್ರವೈದ್ಯರೂ ಆಗ ಇದ್ದರು. ಮಹಾಪುರುಷರ ಅವಸರದ ಮಾತು ಎಷ್ಟು ದೂರ ಹೋಗುವುದೆಂಬುದಕ್ಕೆ ಅದೊಂದು ನಿದರ್ಶನ. ಮೊಸರಿನಿಂದ ಆಯುಸ್ಸು ಬೆಳೆಯುವುದೆಂಬುದು ಸಿದ್ಧವಾಗಲಿಲ್ಲ. ಕರುಳಿನ ಏಕಾಣುಜೀವಿಗಳಿಗೂ ದೇಹದ ರೋಗನಿರೋಧಕ ಶಕ್ತಿಗೂ ಇರುವ ನಂಟು ಮಾತ್ರ ಇಂದು ದೊಡ್ಡ ಶಾಸ್ತ್ರವಾಗಿ ಬೆಳೆದಿದೆ.

1909ರಲ್ಲಿ ಅವರು ಟಾಲ್‌ಸ್ಟಾಯ್ ಅವರನ್ನು ಅವರ ಹಳ್ಳಿಯಲ್ಲಿ ಕಂಡು ಬಂದರು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ತರುಣ ಸಹಾಯಕರೆಲ್ಲ ರಣರಂಗಕ್ಕೆ ಹೋದರು, ಪ್ರಯೋಗಶಾಲೆ ಬರಿದಾಯಿತು. ಹೃದ್ರೋಗ ಬಲವಾದಾಗ ಪಾಸ್ಚರ್ ಸಂಸ್ಥೆಯಲ್ಲಿಯೇ ಅವರನ್ನು ಇರಿಸಿಕೊಂಡು ಉಪಚರಿಸಿದರು. ತಮ್ಮ ರೋಗದ ಲಕ್ಷಣಗಳನ್ನು ಕಡೆಯವರೆಗೂ ತಾವೇ ಗಮನಿಸುತ್ತ, ಮರಣಾನಂತರ ದೇಹವನ್ನು ಪರೀಕ್ಷಿಸಬೇಕೆಂದು ಮಿತ್ರರಿಗೆ ತಿಳಿಸಿದರು. 1916ರ ಜುಲೈ ತಿಂಗಳಿನಲ್ಲಿ, ತಮ್ಮ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಮೆಚ್ನಿಕಾಫರು ತೀರಿಕೊಂಡರು. ದೇಹವನ್ನು ದಹಿಸಿ, ಚಿತಾಭಸ್ಮವನ್ನು ಕರಂಡಕವೊಂದರಲ್ಲಿ ತುಂಬಿ, ಅದನ್ನು ಪಾಸ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಪುಸ್ತಕಗಳ ನಡುವೆ ಇರಿಸಿದರು.